ಎಡಕ್ಕೆ ತಿರುಗಿದ ಪಂಕ್ತಿ

ರವಿವಾರ ಬೆಳಿಗ್ಗೆ ಸತ್ಯನಾರಾಯಣ ಪೂಜೆಗೆಂದು ಮಡಿಯುಟ್ಟು ನಿಂತಿದ್ದ ಕೌಸ್ತುಭನ ಧೋತರ ಜಗ್ಗಿ ಮಗಳು ಪೂರ್ವಿ ಕೇಳಿದ ಒಂದು ಪ್ರಶ್ನೆಯೇ ಆ ದಿನದ ಎಲ್ಲ ಅನಾಹುತಕ್ಕೂ ಮೂಲ.

"ಅಪ್ಪಾ, ನಾಕಾರ್ಲೆ ಇಪ್ಪತ್ನಾಕು. ಆರ್ನಾಕ್ಲೆನೂ ಇಪ್ಪತ್ನಾಕು. ಯಾಕ?"

"ಅದು ಹಂಗ ಇರೂದು, ಪುಟ್ಟಿ."

ಪೂರ್ವಿಯ ಕಣ್ಣು ತುಂಬಿ ಬಂದವು. ಮೂರನೆಯ ಇಯತ್ತೆಯ ಆ ಹುಡುಗಿ ಶುಕ್ರವಾರ ಕ್ಲಾಸಿನಲ್ಲಿ ಎದ್ದು ನಿಂತು ಇದೇ ಉತ್ತರ ಕೊಟ್ಟಿದ್ದಳು. ಇಡೀ ಕ್ಲಾಸು ನಕ್ಕಿತ್ತು. ಸೋಮವಾರ ಮತ್ತೆ ಕೇಳುತ್ತೇನೆ ಎಂದು ಮಿಸ್ಸು ಹೇಳಿ ಕಳಿಸಿದ್ದರು.

"ಯಾಕಂತ ತಿಳೀಲಿಲ್ಲಂದ್ರ ನಾ ನಾಳೆ ಸಾಲಿಗೆ ಹೋಗೂದ ಇಲ್ಲ," ಎಂದಳು.

ಅವಳು ಹೇಳಿದರೆ ಹೇಳಿದ್ದೇ. ಕೌಸ್ತುಭ ಸರಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಅಲ್ಲಿ ಗುಣಾಕಾರ ಮಾಡುವುದು ಕಂಪ್ಯೂಟರು, ಅದನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಆದರೂ ಮಗಳ ಮುಖ ನೋಡಲಾಗದೆ, "ಇವತ್ತ ಹೇಳಿಕೊಡ್ತೀನಿ, ಬಾ," ಎಂದುಬಿಟ್ಟ.

ಅಡುಗೆಮನೆಯಲ್ಲಿ ದೊಡ್ಡ ತಟ್ಟೆಯ ತುಂಬ ರವಾ ಉಂಡಿ ಇದ್ದವು. ಅವನ ತಾಯಿ ಕೃಷ್ಣಾಬಾಯಿ ತುಪ್ಪ, ಯಾಲಕ್ಕಿ ಹಾಕಿ ಕಟ್ಟಿದ ಉಂಡಿ. ಬೆಳಗಿನಿಂದ ಉಪವಾಸವಿದ್ದ ಕೌಸ್ತುಭನಿಗೆ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಕಾಣಲಿಲ್ಲ.

"ನೋಡು ಪುಟ್ಟಿ, ಒಂದೊಂದು ಸಾಲಿಗೆ ಆರು ಉಂಡಿ ಇಡೂಣು," ಎಂದು ಅವನು ಕೈ ಚಾಚಿದ್ದೇ ತಡ, ಒಲೆಯ ಕಡೆಯಿಂದ ಗುಡುಗು ಬಂತು.

"ಕೌಸ್ತುಭಾ! ನೈವೇದ್ಯ ಆಗಿಲ್ಲ, ಉಂಡಿಗೆ ಕೈ ಹಚ್ತೀಯೇನು?"

"ಅಮ್ಮಾ, ಲೆಕ್ಕ ಹೇಳಿಕೊಡಲಿಕ್ಕತ್ತೀನಿ."

"ದೇವರ ಲೆಕ್ಕ ಮೊದಲ. ನಡಿ ಹೊರಗ!"

ಹೊರಗೆ ಬಾಗಿಲಲ್ಲಿ ಬಂದವರ ಚಪ್ಪಲಿಗಳು ರಾಶಿ ಬಿದ್ದಿದ್ದವು. ಕೌಸ್ತುಭ ಕುಕ್ಕರುಗಾಲಲ್ಲಿ ಕೂತು ಅವನ್ನೇ ಸಾಲು ಹಚ್ಚತೊಡಗಿದ. ಜೋಡಿ ತಪ್ಪಿ ಒಂದರ ಪಕ್ಕಕ್ಕೆ ಇನ್ನೊಂದು ಬಂತು. ಅಷ್ಟರಲ್ಲಿ ಕೆಳಗಿನ ಮನೆಯ ಮೃಣಾಲಿನಿ ಮೆಟ್ಟಿಲೇರಿ ಬಂದರು. ಮೈಸೂರಿನಿಂದ ಬಂದು ಈ ಸನತ್‌ನಗರ ಬಡಾವಣೆಯಲ್ಲಿ ನೆಲೆಸಿದವರು. ಆ ಕಟ್ಟಡದಲ್ಲಿ ಅವರ ಸಲಹೆ ಸಿಗದೆ ಹಾಲು ಕೂಡ ಉಕ್ಕುತ್ತಿರಲಿಲ್ಲ.

"ಏನ್ರೀ ಕೌಸ್ತುಭ, ಪೂಜೆ ದಿನ ಚಪ್ಪಲಿ ಅಂಗಡಿ ಇಟ್ಟಿದ್ದೀರಾ?"

ಅವನು ವಿಷಯ ಹೇಳಿದ.

"ಅಷ್ಟೇನಾ? ಬಾಯಿಪಾಠ ಮಾಡಿಸಿಬಿಡಿ, ಮುಗೀತು."

"ಬಾಯಿಪಾಠ ಆಗೇದ ಆಂಟಿ," ಎಂದಳು ಪೂರ್ವಿ. "ಯಾಕಂತ ತಿಳೀವಲ್ದು."

ಮೃಣಾಲಿನಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಹೋಗುವಾಗ, ಮಡಿಯಲ್ಲಿರುವ ಯಜಮಾನರು ಚಪ್ಪಲಿ ಮುಟ್ಟಿದ್ದಾರೆ ಎಂಬ ಸುದ್ದಿಯನ್ನು ಮಾತ್ರ ಕೃಷ್ಣಾಬಾಯಿಗೆ ಮರೆಯದೆ ಮುಟ್ಟಿಸಿದರು. ಕೌಸ್ತುಭ ಮತ್ತೊಮ್ಮೆ ಸ್ನಾನ ಮಾಡಬೇಕಾಯಿತು, ಅದೂ ತಣ್ಣೀರಲ್ಲಿ.

ಪೂಜೆ ಮುಗಿಯಿತು. ಮಾಳಿಗೆಯ ಮೇಲೆ ಶಾಮಿಯಾನ ಹಾಕಿಸಿದ್ದರು. ಇಪ್ಪತ್ತನಾಲ್ಕು ಜನರ ಪಂಕ್ತಿಗೆ ಎಲೆ ಹಾಕುವ ಕೆಲಸ ಕೌಸ್ತುಭನದು. ಉಣ್ಣುವವರು ಪೂರ್ವಕ್ಕೆ ಮುಖ ಮಾಡುವಂತೆ ನಾಲ್ಕು ಸಾಲು, ಸಾಲಿಗೆ ಆರು ಬಾಳೆ ಎಲೆ ಹಾಕಿ ಸೊಂಟ ನೆಟ್ಟಗೆ ಮಾಡಿದವನೇ ಹಿಗ್ಗಿಹೋದ. ಲೆಕ್ಕ ಕಾಲಬುಡದಲ್ಲೇ ಬಿದ್ದಿತ್ತು!

"ಪುಟ್ಟೀ, ಬಾ ಇಲ್ಲೆ! ಇವು ನಾಕು ಸಾಲು. ಈಗ ನೋಡು." ಇದ್ದ ಜಾಗದಲ್ಲೇ ಒಂದೊಂದೇ ಎಲೆ ತಿರುಗಿಸಿ, ನೀರಿನ ಲೋಟ ಸರಿಸಿದ. "ಈಗ ಆರು ಸಾಲು, ಸಾಲಿಗೆ ನಾಕು. ತಿಳೀತು?"

ಪೂರ್ವಿ ಬೆರಳು ಕಚ್ಚುತ್ತ ನಿಂತಳು. "ಎಲಿ ಇದ್ದಲ್ಲೆ ಅವ. ಮತ್ತ ಸಾಲು ಹೆಂಗ ಬದಲಾದ್ವು?"

ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹೆಂಡತಿ ಭವಾನಿ ಕೆಳಗಿನಿಂದ, "ಸಾರಿನ ಕೊಳಗ ಎತ್ತಲಿಕ್ಕೆ ಬರ್ರಿ," ಎಂದು ಕೂಗಿದಳು. ಅವನು ಕೊಳಗ ಹೊತ್ತು ಮೇಲೆ ಬರುವಷ್ಟರಲ್ಲಿ ಜನ ಎಲೆಯ ಮುಂದೆ ಕೂತಾಗಿತ್ತು, ಲೋಟ ಇದ್ದ ಕಡೆ ನೋಡಿಕೊಂಡು.

"ಕೌಸ್ತುಭಾ," ಎಂದರು ಸೂರ್ಯನಾರಾಯಣ ಕಾಕಾ. ಮನೆತನಕ್ಕೇ ಹಿರಿಯರು, ಸಿಟ್ಟಿನಲ್ಲೂ ಹಿರಿಯರೇ. "ಇದು ಯಾವ ದಿಕ್ಕೋ?"

ಕೌಸ್ತುಭ ಶಾಮಿಯಾನದಾಚೆಯ ಸೂರ್ಯನನ್ನು ನೋಡಿದ, ಎಲೆಗಳನ್ನು ನೋಡಿದ.

"ದಕ್ಷಿಣ, ಕಾಕಾ."

"ಸತ್ಯನಾರಾಯಣನ ಪೂಜಾಕ್ಕ ಕರದು ಯಮನ ದಿಕ್ಕಿಗೆ ಮುಖಾ ಮಾಡಿ ಉಣ್ಣಸ್ತೀಯೇನು? ನಾ ಹೊಂಟೆ!"

ಎಲ್ಲರೂ ಎದ್ದು ನಿಂತರು. ಮೃಣಾಲಿನಿ ಪರಿಸ್ಥಿತಿಯನ್ನು ತಮ್ಮ ಕೈಗೆ ತೆಗೆದುಕೊಂಡರು. "ಪೂರ್ವಕ್ಕೆ ತಿರುಗಿದ್ರೆ ನಾಲ್ಕೇ ಸಾಲು ಆಗುತ್ತೆ ಕಣ್ರೀ! ಈಗಿರೋದು ಆರು. ಉಳಿದ ಎರಡು ಸಾಲಿನ ಜನ ಎಲ್ಲಿಗೆ ಹೋಗ್ಬೇಕು?"

ಈ ಮಾತು ಕೇಳಿ ಹಿಂದಿನ ಎರಡು ಸಾಲಿನವರು ಗಾಬರಿಯಾದರು. ಇಬ್ಬರಂತೂ ಮೆಟ್ಟಿಲ ಕಡೆ ಹೊರಟೇಬಿಟ್ಟರು.

ಆಗ ಪೂರ್ವಿ ಒಮ್ಮೆಲೇ ಕಿರುಚಿದಳು. "ಯಾರೂ ಎಲ್ಲೂ ಹೋಗಬ್ಯಾಡ್ರಿ! ಸಾಲು ಕಡಿಮಿ ಆದ್ರ ಸಾಲಿನ್ಯಾಗ ಮಂದಿ ಹೆಚ್ಚಾಗ್ತಾರ, ಆಂಟಿ! ಎಲಿ ಅಷ್ಟ ಅವ. ಎಲ್ಲಾರೂ ಎಡಕ್ಕ ತಿರುಗ್ರಿ, ಎಲಿನೂ ತಿರುಗಿಸ್ಕೊಂಡು ಕೂಡ್ರಿ!"

ಮಾಳಿಗೆಗೆ ಮಾಳಿಗೆಯೇ ಎಡಕ್ಕೆ ತಿರುಗಿತು. ಎದುರಿಗೆ ಪೂರ್ವ, ನಾಲ್ಕು ಸಾಲು, ಸಾಲಿಗೆ ಆರು ಜನ. ಒಬ್ಬರೂ ಮಿಕ್ಕಲಿಲ್ಲ, ಒಂದು ಎಲೆಯೂ ಖಾಲಿ ಉಳಿಯಲಿಲ್ಲ.

"ಅಪ್ಪಾ, ತಿಳೀತು!" ಪೂರ್ವಿ ಕುಣಿದಳು. "ನಾವು ಯಾವ ಕಡೆಯಿಂದ ಎಣಿಸಿದ್ರೂ ಎಲಿ ಅಷ್ಟ! ನಾ ನಾಳೆ ಸಾಲಿಗೆ ಹೋಗ್ತೀನಿ!"

ಕೌಸ್ತುಭ ಕೊಳಗ ಕೆಳಗಿಟ್ಟ. ಅವನಿಗೆ ತಣ್ಣೀರ ಸ್ನಾನದ ಚಳಿಯೂ ಆ ಕ್ಷಣಕ್ಕೆ ಮರೆತುಹೋಯಿತು.

ಕಾಕಾನ ಸಿಟ್ಟು ಎಲ್ಲಿ ಹೋಯಿತೋ. "ಶಾಭಾಸ್! ಇನ್ನೇನೇನು ಬರ್ತದವ್ವಾ ನಿನಗ?"

ಪೂರ್ವಿ ಉಂಡಿಯ ತಟ್ಟೆ ಎತ್ತಿಕೊಂಡಳು. ನೈವೇದ್ಯವಾಗಿತ್ತು, ಈಗ ಅಜ್ಜಿಯೂ ಬೇಡವೆನ್ನಲಿಲ್ಲ. "ಇಪ್ಪತ್ನಾಕು ಒಂದ್ಲೆ ಇಪ್ಪತ್ನಾಕು," ಎಂದು ಎಲೆಗೊಂದು ಬಡಿಸಿದಳು. "ಒಂದ್ರಿಂದ ಗುಣಿಸಿದ್ರ ಎಷ್ಟಿತ್ತೋ ಅಷ್ಟ." ಆಮೇಲೆ ಎಲೆಗೆ ಇನ್ನೊಂದೊಂದು ಹಾಕಿ ಎರಡ್ಲೆ ಮಾಡಿದಳು. ಪಂಕ್ತಿಯೆಲ್ಲ ಚಪ್ಪಾಳೆ ತಟ್ಟಿತು. ಸಾರು ಬಡಿಸುತ್ತಿದ್ದ ಕೌಸ್ತುಭ ಎಲ್ಲರಿಗಿಂತ ಜೋರಾಗಿ ತಟ್ಟಿದ. "ಮೂರ್ಲೆ ಮಾಡು ನೋಡೂಣು," ಎಂದರು ಕಾಕಾ, ಎಲೆಯಲ್ಲಿ ಜಾಗ ಮಾಡಿಕೊಳ್ಳುತ್ತ.

ಬಂದವರೆಲ್ಲ ಹರಸಿ ಹೋದ ಮೇಲೆ ಕೃಷ್ಣಾಬಾಯಿ, ಭವಾನಿ, ಕೌಸ್ತುಭ ಉಣ್ಣಲು ಕೂತರು. ಹಸಿವಿನಿಂದ ಕೌಸ್ತುಭನ ಕಣ್ಣು ಕತ್ತಲೆಗಟ್ಟುತ್ತಿತ್ತು.

"ಪುಟ್ಟೀ, ಉಂಡಿ ತಟ್ಟಿ ಈ ಕಡೆ ತಾ."

ಪೂರ್ವಿ ತಟ್ಟೆಯನ್ನು ತಂದು ತಂದೆಯ ಮುಂದೆ ಬೋರಲು ಹಾಕಿ ತೋರಿಸಿದಳು. ನಾಲ್ಕು ಹರಳು ರವೆ ಉದುರಿದವು.

"ಎಲಿ ಮೂರು ಅವ. ಎಲಿಗೆ ಸೊನ್ನಿ ಉಂಡಿ. ಮೂರು ಸೊನ್ನಿಲೆ ಎಷ್ಟಪ್ಪಾ?"

"ಸೊನ್ನಿ," ಎಂದ ಕೌಸ್ತುಭ. ಆದರೂ ಆಸೆ ಬಿಡದೆ ಅಡುಗೆಮನೆಯ ಕಡೆಗೊಮ್ಮೆ ಕತ್ತು ಹೊರಳಿಸಿದ.

"ಎಡಕ್ಕ ತಿರುಗಿ ಕೂತ್ರೂ ಅಷ್ಟ, ಅಪ್ಪಾ," ಎಂದಳು ಪೂರ್ವಿ.