ಸೊನ್ನೆ ದೂರಿನ ಬ್ರೌಸರ್

ದೂರಪ್ಪ ಅಂದು ಬೆಳಗ್ಗೆ ಮಾಡಿದ್ದು ಇಷ್ಟೇ: ತನ್ನ ಮೇಜನ್ನು ಒಂದು ಗೇಣು ಮುಂದಕ್ಕೆ ಎಳೆದ. ನಿರ್ದೇಶಕಿಯವರು ಬಂದು ನಿಂತಾಗ ಕಂಪ್ಯೂಟರಿನ ಪರದೆ ಅವರಿಗೆ ಚೆನ್ನಾಗಿ ಕಾಣಲಿ ಎಂಬ ಸದುದ್ದೇಶ. ದುರುದ್ದೇಶದಿಂದ ಕೆಟ್ಟವರಿಗಿಂತ ಸದುದ್ದೇಶದಿಂದ ಕೆಟ್ಟವರೇ ಲೋಕದಲ್ಲಿ ಹೆಚ್ಚು. ಆ ಪಟ್ಟಿಗೆ ತಾನೂ ಸೇರಲಿದ್ದೇನೆಂದು ಅವನಿಗೆ ಆಗ ಹೊಳೆಯಲಿಲ್ಲ.

ದೂರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಹದಿನಾರು ವರ್ಷ ಜನರ ದೂರು ಬರೆದುಕೊಂಡಿದ್ದಕ್ಕೆ ಅಂಟಿಕೊಂಡದ್ದು. ಹಜಾರದ ತುದಿಯಲ್ಲಿ, ಕೈತೊಳೆಯುವ ಕೋಣೆಗೆ ಒತ್ತಿಕೊಂಡು ಅವನ ಮೇಜು. ಕೈ ತೊಳೆದು ಬಂದವರೆಲ್ಲ ಒದ್ದೆ ಕೈ ಝಾಡಿಸುತ್ತಿದ್ದುದು ಅವನ ಕಡತಗಳ ಮೇಲೆಯೇ. ಆ ಊರಿನಲ್ಲಿ ದಿನವೂ ತಪ್ಪದೆ ನೀರು ತಲುಪುತ್ತಿದ್ದ ಜಾಗ ಅದೊಂದೇ ಇರಬೇಕು.

ಈಗ ಆ ಒದ್ದೆ ಬಾಳಿನಿಂದ ಪಾರಾಗುವ ಕಾಲ ಬಂದಿತ್ತು. ಊರಿನ ಮೂರು ಭಾಗದ ದೂರುಗಳು ಮೂರು ಕಂಪ್ಯೂಟರಿಗೆ ಬರುತ್ತಿದ್ದವು, ಮೂರರಲ್ಲೂ ಮೂರು ಬಗೆಯ ಬ್ರೌಸರ್. ಪೂರ್ವ ಭಾಗ ನೋಡಿಕೊಳ್ಳುವ ಸ್ಟೆನೋ ಕೆಂಪು ಗುರುತಿನ ಬ್ರೌಸರಿನ ಭಕ್ತ. ಉತ್ತರ ಭಾಗದ ಟಪಾಲು ಅಕ್ಕನಿಗೆ ನೀಲಿ ಬಿಟ್ಟರೆ ಬೇರೆ ಬಣ್ಣವೇ ಕಾಣದು. ಪಶ್ಚಿಮ ಭಾಗದ ದೂರಪ್ಪನದು ಹಸಿರು. ಮೂವರೂ ತಂತಮ್ಮ ಬ್ರೌಸರನ್ನು ಹೊಗಳುತ್ತಿದ್ದ ರೀತಿ ಕೇಳಿದರೆ ಅಳಿಯನ ಗುಣಗಾನವೇನೋ ಅನ್ನಿಸಬೇಕು. ಈ ಜಗಳ ಕೇಳಿ ಕೇಳಿ ರೋಸಿಹೋದ ನಿರ್ದೇಶಕಿ ಆಜ್ಞೆ ಹೊರಡಿಸಿದ್ದರು: ವೇಗ, ನಂಬಿಕೆ, ಭದ್ರತೆ, ಈ ಮೂರರಲ್ಲೂ ಒಂದೇ ದಿನ ಪರೀಕ್ಷೆ. ಗೆದ್ದ ಬ್ರೌಸರೇ ಇಡೀ ಕಚೇರಿಗೆ. ಅದನ್ನು ಬಳಸುವವರಿಗೆ ಗಣಕ ಮೇಲ್ವಿಚಾರಕರ ಹುದ್ದೆ, ಜೊತೆಗೆ ಮಹಡಿಯ ಖಾಲಿ ಕೋಣೆ. ಬಾಗಿಲಿರುವ ಕೋಣೆ!

ಪರೀಕ್ಷೆಗೆ ಮುಂಚೆಯೇ ಹೆಂಡತಿಯ ಫೋನು ಬಂತು.

"ರೀ, ರೂಮಿನ ಬಾಗ್ಲು ಒಂದು ರೆಕ್ಕೇದಾ, ಎರಡು ರೆಕ್ಕೇದಾ? ಪಕ್ಕದ ಮನೆ ಟೀಚರಮ್ಮ ಕೇಳ್ತಿದಾರೆ."

"ಇನ್ನೂ ಪರೀಕ್ಷೇನೇ ಆಗಿಲ್ಲ ಕಣೇ! ಆಗ್ಲೇ ಅವ್ರಿಗೆ ಹೇಳಿದ್ಯಾ?"

"ಅವ್ರಿಗೊಬ್ರಿಗೇ ಹೇಳಿದ್ದು. ಅವ್ರು ಬೀದಿಗೆಲ್ಲ ಹೇಳಿದ್ರೆ ಅದಕ್ಕೆ ನಾನೇನು ಮಾಡ್ಲಿ?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಆದರೂ ದೂರಪ್ಪನಿಗೆ ಒಳಗೊಳಗೇ ಹೆಮ್ಮೆಯಾಯಿತು. ಹದಿನಾರು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಹೆಂಡತಿ ಹೊರಗೆ ಬಾಯಿಬಿಟ್ಟದ್ದು ಇದೇ ಮೊದಲು.

ಹತ್ತೂವರೆಗೆ ನಿರ್ದೇಶಕಿ ಬಂದರು, ಕೈಯಲ್ಲಿ ಗಡಿಯಾರ. ಮೊದಲು ವೇಗ. ದೂರಿನ ಪುಟ ತೆರೆಯುವುದಕ್ಕೆ ಸ್ಟೆನೋನ ಕೆಂಪು ಹನ್ನೊಂದು ಸೆಕೆಂಡು ಗಿರಗಿರನೆ ಸುತ್ತಿತು. ಟಪಾಲು ಅಕ್ಕನ ನೀಲಿ ಒಂಬತ್ತು ಸೆಕೆಂಡಿಗೆ ಅರ್ಧ ಪುಟ ತೋರಿಸಿ, ಉಳಿದರ್ಧಕ್ಕೆ ಯೋಚಿಸತೊಡಗಿತು. ದೂರಪ್ಪ ಬೆರಳು ಒತ್ತಿದ. ಬೆರಳು ಮೇಲೇಳುವ ಮೊದಲೇ ಪುಟ ಕಣ್ಣೆದುರಿಗಿತ್ತು: "ಪಶ್ಚಿಮ ಭಾಗ. ಬಾಕಿ ದೂರು: ಸೊನ್ನೆ."

"ಸೊನ್ನೇನಾ?" ನಿರ್ದೇಶಕಿ ಕನ್ನಡಕ ಸರಿಮಾಡಿಕೊಂಡರು.

"ನಿನ್ನೆ ಸಂಜೆ ಎಲ್ಲಾ ವಿಲೇವಾರಿ ಮಾಡಿದೀನಿ ಮೇಡಂ" ಎಂದ ದೂರಪ್ಪ. ಅದು ನಿಜವೇ.

ಆಮೇಲೆ ನಂಬಿಕೆಯ ಪರೀಕ್ಷೆ. ಮಧ್ಯಾಹ್ನ ಮೂರರವರೆಗೆ ಹತ್ತು ಹತ್ತು ನಿಮಿಷಕ್ಕೆ ಪುಟ ತೆರೆದು ಮುಚ್ಚುವುದು. ಕೆಂಪು ಎರಡು ಸಲ ಮರಗಟ್ಟಿ ನಿಂತಿತು. ನೀಲಿ ಒಮ್ಮೆ "ಕ್ಷಮಿಸಿ, ಏನೋ ತಪ್ಪಾಗಿದೆ" ಎಂದು ಕೈಚೆಲ್ಲಿತು. ಟಪಾಲು ಅಕ್ಕ "ಕ್ಷಮೆ ಕೇಳೋ ಸಂಸ್ಕಾರ ಆದ್ರೂ ಇದೆಯಲ್ಲ" ಎಂದು ಅದರ ಪರ ವಾದಿಸಿದರು. ಹಸಿರು ಮಾತ್ರ ತಪ್ಪದೆ, ತಡವರಿಸದೆ, ಪ್ರತಿ ಸಲವೂ ಅದೇ ಸೊನ್ನೆಯನ್ನು ಥಳಥಳ ತೋರಿಸಿತು. ಮೂರು ಗಂಟೆಗೆ ಕೆಂಪಿನಲ್ಲಿ ನಲವತ್ತೊಂದು ದೂರು, ನೀಲಿಯಲ್ಲಿ ಮೂವತ್ತೇಳು.

"ಏನ್ರೀ ದೂರಪ್ಪ, ಪಶ್ಚಿಮ ಭಾಗದೋರು ನೀರೇ ಕುಡಿಯಲ್ವಾ?" ಸ್ಟೆನೋ ಕುಟುಕಿದ.

"ಕುಡಿಯೋದ್ರಿಂದಲೇ ದೂರಿಲ್ಲ ಸ್ವಾಮಿ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!"

ಕೊನೆಗೆ ಭದ್ರತೆ. ಕೆಳಗಿನ ಮಹಡಿಯ ಕಂಪ್ಯೂಟರ್ ಮೆಕ್ಯಾನಿಕ್‌ಗೆ ಕಳ್ಳನ ಪಾತ್ರ. ಅವನು ತನ್ನ ಕೋಣೆಯಲ್ಲೇ ಕೂತು ಮೂರೂ ಕಂಪ್ಯೂಟರಿಗೆ ಕನ್ನ ಹಾಕಬೇಕು. ನಾಲ್ಕು ನಿಮಿಷಕ್ಕೆ ಕೆಂಪಿನೊಳಗೆ ನುಗ್ಗಿ, ಸ್ಟೆನೋ ಬರೆದಿಟ್ಟಿದ್ದ ರಜಾ ಅರ್ಜಿಯನ್ನು ನಿರ್ದೇಶಕಿಗೆ ಫೋನಿನಲ್ಲಿ ಗಟ್ಟಿಯಾಗಿ ಓದಿಯೇಬಿಟ್ಟ. ನಾಳೆ ಬರಲಿದ್ದ ಜ್ವರಕ್ಕೆ ಇವತ್ತೇ ಅರ್ಜಿ. ಏಳು ನಿಮಿಷಕ್ಕೆ ನೀಲಿಯೂ ಮಣಿಯಿತು. ಹಸಿರಿನ ಸರದಿ ಬಂದಾಗ ಅರ್ಧ ಗಂಟೆ ಹೆಣಗಾಡಿ, ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ.

"ಮುಟ್ಟೋಕೇ ಆಗ್ತಿಲ್ಲ ಮೇಡಂ. ಬಾಗ್ಲು ಒಡೆಯೋ ಮಾತು ಹಾಗಿರ್ಲಿ, ಮನೆ ಎಲ್ಲಿದೆ ಅಂತಾನೇ ಸಿಗ್ತಿಲ್ಲ. ನನ್ನ ಸರ್ವೀಸಲ್ಲಿ ಇಂಥ ಭದ್ರತೆ ನೋಡಿಲ್ಲ."

ದೂರಪ್ಪನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬಿತು. ನಿರ್ದೇಶಕಿ "ನಾಲ್ಕೂವರೆಗೆ ಎಲ್ಲರೂ ಸೇರಿ, ಫಲಿತಾಂಶ ಹೇಳ್ತೀನಿ" ಎಂದು ಹೋದರು. ಅವನು ಹೆಂಡತಿಗೆ ಫೋನು ಮಾಡಿ "ಎರಡು ರೆಕ್ಕೆ" ಎಂದಷ್ಟೇ ಹೇಳಿದ. ಆ ಕಡೆಯಿಂದ ಅಕ್ಕಪಕ್ಕದ ಹೆಂಗಸರು ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಫೋನು ಜೇಬಿಗಿಡುವಾಗ ಪೆನ್ನು ಬಿತ್ತು. ಎತ್ತಿಕೊಳ್ಳಲು ಮೇಜಿನ ಕೆಳಗೆ ಬಗ್ಗಿದವನು ಬಗ್ಗಿದಂತೆಯೇ ಉಳಿದ. ಗೋಡೆಯ ಸಂದಿನಿಂದ ಕಂಪ್ಯೂಟರಿಗೆ ಬರಬೇಕಾದ ಇಂಟರ್ನೆಟ್ ವೈರು ಕಿತ್ತುಬಂದು ತೂಗಾಡುತ್ತಿತ್ತು. ಗೋಡೆಗೂ ಅದಕ್ಕೂ ಸರಿಯಾಗಿ ಒಂದು ಗೇಣು ದೂರ.

ದೂರಪ್ಪನಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಬ್ರೌಸರ್ ಬೆಳಗ್ಗೆಯಿಂದ ತೋರಿಸಿದ್ದು ನಿನ್ನೆ ಸಂಜೆ ತನ್ನಲ್ಲೇ ಉಳಿಸಿಕೊಂಡಿದ್ದ ಹಳೆಯ ಪುಟ. ಹೊಸ ದೂರು ಬರಲು ದಾರಿಯೇ ಇರಲಿಲ್ಲ, ಕಳ್ಳನಿಗೂ ಅಷ್ಟೆ. ಇಡೀ ದಿನ ಅವನ ಹಸಿರು ಕುದುರೆ ಲಾಯದಲ್ಲೇ ನಿಂತು ಪಂದ್ಯ ಗೆದ್ದಿತ್ತು.

ಹೇಳಿಬಿಡಲೇ? ಹೇಳಿದರೆ ಕೋಣೆ ಹೋಯಿತು. ಎರಡು ರೆಕ್ಕೆಯ ಬಾಗಿಲು ಹೋಯಿತು. ಬೀದಿಯಲ್ಲಿ ಹೆಂಡತಿ ತಲೆಯೆತ್ತುವುದು ಹೇಗೆ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದೂರಪ್ಪ ನುಂಗಿದ. ಕೋಣೆ ಕೈಗೆ ಬಂದ ಮೇಲೆ ವೈರು ಸಿಕ್ಕಿಸಿದರಾಯಿತು ಎಂದುಕೊಂಡು ಸಭೆಗೆ ನಡೆದ.

"ಹಸಿರು ಬ್ರೌಸರ್ ಮೂರಕ್ಕೆ ಮೂರೂ ಗೆದ್ದಿದೆ" ಎಂದರು ನಿರ್ದೇಶಕಿ. ಚಪ್ಪಾಳೆ ಬಿತ್ತು. ಸ್ಟೆನೋ ಕೂಡ ಎರಡು ಬೆರಳಲ್ಲಿ ತಟ್ಟಿದ. "ಅಷ್ಟೇ ಅಲ್ಲ, ನಮ್ಮ ಕಚೇರಿ ಶುರುವಾದಾಗಿನಿಂದ ಒಂದು ಭಾಗದಿಂದ ಇಡೀ ದಿನ ಒಂದೂ ದೂರು ಬರದೇ ಇದ್ದದ್ದು ಇದೇ ಮೊದಲು. ನಾಳೆಯಿಂದ ಎಲ್ಲಾ ಕಡೆ ಹಸಿರೇ. ಅಂದ್ಮೇಲೆ ಇನ್ನು ಎಲ್ಲೂ ದೂರಿರಲ್ಲ. ದೂರೇ ಇಲ್ದಿದ್ರೆ ದೂರು ವಿಭಾಗ ಯಾಕೆ? ಮೇಲ್ವಿಚಾರಣೆ ಯಾಕೆ? ಮಹಡಿ ಕೋಣೇಲಿ ಹಳೇ ದೂರಿನ ಕಡತ ತುಂಬಿಸೋಣ. ದೂರಪ್ಪನವರು ನಾಳೆಯಿಂದ ಮನೆ ಮನೆಗೆ ಹೋಗಿ ಮೀಟರ್ ಓದಲಿ. ಅಭಿನಂದನೆ ದೂರಪ್ಪನವ್ರೆ!"

ಮರ್ಯಾದೆ ಹೋದರೆ ಹೋಗಲಿ, ಕುರ್ಚಿಯಾದರೂ ಉಳಿಯಲಿ ಎಂದು ದೂರಪ್ಪ ಕೈ ಎತ್ತಿದ.

"ಮೇಡಂ, ಒಂದು ನಿಜ ಹೇಳ್ಬೇಕು. ಬೆಳಗ್ಗೆ ನಾನು ಮೇಜು ಎಳೆದಾಗ ವೈರು ಕಿತ್ತುಬಂದಿತ್ತು. ಅದು ಬ್ರೌಸರಿನ ಗುಣ ಅಲ್ಲ, ವೈರಿಲ್ಲದ ಗುಣ."

ನಿರ್ದೇಶಕಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಅಂದ್ರೆ ಬ್ರೌಸರ್ ಯಾವುದಾದ್ರೂ ಒಂದೇ. ವೈರು ಕಿತ್ರೆ ಸಾಕು, ದೂರು ಬರಲ್ಲ. ಕಳ್ಳರೂ ಬರಲ್ಲ. ಹೌದಾ?"

"ಹೌದು ಮೇಡಂ, ಆದ್ರೆ..."

"ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆ." ಅವರು ಮೆಕ್ಯಾನಿಕ್ ಕಡೆ ತಿರುಗಿದರು. "ಉಳಿದೆರಡು ವೈರೂ ಇವತ್ತೇ ಕಿತ್ತಿಡಿ. ಅಭಿನಂದನೆ ಮಾತ್ರ ವಾಪಸ್ ತಗೋತೀನಿ ದೂರಪ್ಪ, ಅದು ಬ್ರೌಸರ್ ಗೆದ್ದದ್ದಕ್ಕೆ ಹೇಳಿದ್ದಲ್ವಾ. ನಾಳೆ ಏಳು ಗಂಟೆಗೇ ಮೀಟರ್ ಓದೋಕೆ ಹೊರಡಿ."

ಹೀಗೆ ಕೋಣೆಯೂ ಹೋಯಿತು, ಕುರ್ಚಿಯೂ ಹೋಯಿತು, ಒಂದು ನಿಮಿಷ ಕೈಯಲ್ಲಿದ್ದ ಕೀರ್ತಿಯೂ ಹೋಯಿತು. ವರ್ಗಾವಣೆಯ ಕಾಗದ ಹಿಡಿದುಕೊಂಡು ದೂರಪ್ಪ ಹೊರಬಿದ್ದ. ಗೇಟಿನ ಬಳಿ ಪಶ್ಚಿಮ ಭಾಗದ ಹತ್ತು ಹದಿನೈದು ಮಂದಿ ಖಾಲಿ ಕೊಡ ಹಿಡಿದು ನಿಂತಿದ್ದರು. ಕೊರಳಲ್ಲಿದ್ದ ಕಚೇರಿಯ ಗುರುತಿನ ಚೀಟಿ ನೋಡಿದ್ದೇ ತಡ, ಒಬ್ಬ ಮುದುಕಿ ಅವನ ತೋಳು ಹಿಡಿದಳು.

"ಬೆಳಗ್ಗೆಯಿಂದ ಮೊಮ್ಮಗಳ ಕೈಲಿ ಆರು ಸಲ ಕಂಪ್ಯೂಟರಲ್ಲಿ ದೂರು ಹಾಕಿಸ್ದೆ ಕಣಪ್ಪ. ಹೂಂ ಇಲ್ಲ, ಉಹೂಂ ಇಲ್ಲ. ನೀನಾದ್ರೂ ಬರ್ಕೋ."

ದೂರಪ್ಪ ವರ್ಗಾವಣೆಯ ಕಾಗದವನ್ನು ಮಗುಚಿ, ಅದರ ಬೆನ್ನ ಮೇಲೆ ಬೀದಿ, ಮನೆ, ನೀರು ನಿಂತ ಹೊತ್ತು ಎಲ್ಲವನ್ನೂ ಸರಸರನೆ ಬರೆದುಕೊಂಡ. ಹದಿನಾರು ವರ್ಷದ ಕೈ.

"ಅಬ್ಬಾ, ಎಷ್ಟು ಬೇಗ ಬರೀತೀಯೋ ಮಗನೇ! ಆ ಕಂಪ್ಯೂಟರಿಗಿಂತ ನೀನೇ ವಾಸಿ" ಎಂದಳು ಮುದುಕಿ.

ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹೆಮ್ಮೆಯಾಗಿರಲಿಲ್ಲ ಎಂದರೆ ಸುಳ್ಳಾದೀತು. ಗಂಟಲು ಸರಿಮಾಡಿಕೊಂಡು ಕೂಗಿದ:

"ನೂಕ್ಬೇಡಿ, ನೂಕ್ಬೇಡಿ. ಸಾಲಾಗಿ ಒಬ್ಬೊಬ್ಬರೇ ಬನ್ನಿ."