ಗುಡಿಯಲ್ಲಿ ಒತ್ತಿದ ವಿಳಾಸ

ದೇವರೆದುರು ಕೂತು ಸುಳ್ಳು ಹೇಳುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ. ಪೇಚಿಗೆ ಸಿಕ್ಕಿಸಿದ್ದೂ ಅದೇ. ಒಂದು ಸೋಮವಾರ ಹಾನಗಲ್ಲಿನ ನಮ್ಮ ಈಶ್ವರ ಗುಡಿಯಲ್ಲಿ ಪೂಜೆಗೆ ಕಾಯುತ್ತ, ಮೊಬೈಲಿನಲ್ಲಿ ಕುಕ್ಕರಿನ ರಬ್ಬರು ತರಿಸಲು ಹೊರಟಿದ್ದೆ. ‘ನೀವು ಇಲ್ಲೇ ಇದ್ದೀರಾ?’ ಎಂದು ಅದು ನಕಾಶೆ ತೋರಿಸಿ ಕೇಳಿತು. ಇದ್ದದ್ದು ಅಲ್ಲೇ, ಹೌದು ಎಂದು ಒತ್ತಿದೆ; ಗುಡಿಯೇ ನನ್ನ ವಿಳಾಸವಾಗಿ ಕೂತಿತು. ಅಂದಿನಿಂದ ನನ್ನ ಸಾಮಾನೆಲ್ಲ ಮೊದಲು ಈಶ್ವರನ ದರ್ಶನ ಮಾಡಿಕೊಂಡೇ ಮನೆಗೆ ಬರತೊಡಗಿತು. ಇದೂ ಒಂದು ಪ್ರಸಾದವೇ ಎಂದು ಒಳಗೊಳಗೇ ಸಂತೋಷಪಟ್ಟೆ.

ನನ್ನ ತವರು ದುಂಡಸಿ. ಮದುವೆಯ ಹೊಸತರಲ್ಲಿ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಹಳೆಯ ಧೋತರದಲ್ಲಿ ಗಂಟು ಕಟ್ಟಿ ಬಸ್ಸಿಗೆ ಹಾಕುತ್ತಿದ್ದಳು. ‘ಹಾನಗಲ್ಲ ಸ್ಟ್ಯಾಂಡಿನ ಹೂವಿನಾಕಿ ಕೈಯಾಗ ಕೊಡ್ರಿ’ ಎನ್ನುವುದೇ ವಿಳಾಸ. ಹೂವಿನವಳು ನಮ್ಮ ಓಣಿಯ ಕಡೆ ಬರುವ ಯಾರಿಗೋ ದಾಟಿಸುತ್ತಿದ್ದಳು. ಬಸ್ಸು ಹೇಗೂ ಬರುವಂಥದ್ದೇ; ಆ ಗಂಟೊಂದಕ್ಕಾಗಿ ಯಾವ ಗಾಡಿಯೂ ಬೇರೆ ಹೊಗೆ ಬಿಡಲಿಲ್ಲ. ರೊಟ್ಟಿ ಮುರಿದಿರುತ್ತಿತ್ತು, ಅಷ್ಟೇ. ಮುರಿದ ರೊಟ್ಟಿ ಮೊಸರಿಗೆ ಚೆನ್ನ.

ಈಗ ಸಾಮಾನು ತರುವವಳು ರೇಷ್ಮಾ, ಸವಣೂರಿನ ಮಗಳು, ನಮ್ಮೂರ ಸೊಸೆ. ಅವಳದು ಬ್ಯಾಟರಿ ಗಾಡಿ. ಒಂದೇ ಚಾರ್ಜಿನಲ್ಲಿ ಅಕ್ಕಿಆಲೂರಿನವರೆಗೂ ಮುಗಿಸಿ ಬರುವಂತೆ ಮೊಬೈಲೇ ಓಣಿ ಓಣಿ ಜೋಡಿಸಿ ದಾರಿ ಹಾಕಿಕೊಡುತ್ತದೆ. ಮೂರನೆಯ ಸಲ ಗುಡಿ ಸುತ್ತಿ ಬಂದವಳು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು.

“ಅಕ್ಕಾರ, ಗುಡ್ಯಾಗ ಇರ್ತೀರೋ ಮನ್ಯಾಗ ಇರ್ತೀರೋ, ಒಂದ ಕಡೆ ಇರ್ರಿ. ನಿಮ್ಮ ಈಶ್ವರನ್ನ ಸುತ್ತೂದ್ರಾಗ ಚಾರ್ಜ್ ಮುಗೀತೈತಿ. ಹ್ವಾದ ಸಲ ಅಕ್ಕಿಆಲೂರ ದಾರ್ಯಾಗ ಗಾಡಿ ದಬ್ಬೇನಿ. ಇನ್ನೊಮ್ಮೆ ತಡ ಆತಂದ್ರ ಈ ಕೆಲಸ ಬ್ಯಾರೇದವ್ರಿಗೆ ಕೊಡ್ತಾರ.”

ನನಗೆ ನಾಚಿಕೆಯಾಯಿತು. ನನ್ನ ಭಕ್ತಿಯ ಪ್ರದಕ್ಷಿಣೆಯನ್ನು ಅವಳ ಕೈಯಲ್ಲಿ ಹಾಕಿಸುತ್ತಿದ್ದೆ. ಅವಳೇ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ, “ಹಂದಾಡಬ್ಯಾಡ್ರಿ, ಈಗ ಒತ್ರಿ” ಎಂದಳು. ಒತ್ತಿದೆ.

ಮುಂದಿನ ಸಲ ನೇರ ಬಂದಳು. “ಚಾರ್ಜ್ ಭಾಳ ಉಳದೈತ್ರಿ, ಹೊತ್ತೂ ಉಳದೈತಿ” ಎಂದು ನಕ್ಕಳು. ಶಿವನೇ, ಇಷ್ಟು ಸಾಕಪ್ಪಾ ಎಂದುಕೊಂಡು ಅವಳನ್ನು ಒಳಗೆ ಕೂರಿಸಿ ಚಹಾ ಕೊಟ್ಟೆ. ಬಾಗಿಲಿಗೆ ಅಡ್ಡ ಕೂತು ನನ್ನ ತವರಿನ ಸುದ್ದಿ ತೆಗೆದೆ. ಅಪ್ಪನ ಸಿಟ್ಟು ಮುಗಿದು ಚಿಕ್ಕಪ್ಪನ ಮದುವೆಗೆ ಬರುವಷ್ಟರಲ್ಲಿ ಅವಳ ಮೊಬೈಲು ಕೂಗಿತು: ಇಷ್ಟು ಹೊತ್ತು ಒಂದೇ ಕಡೆ ಯಾಕೆ ನಿಂತಿದ್ದೀರಿ? ರೇಷ್ಮಾ ಏನೋ ಒತ್ತಿದಳು.

“ಏನಂತ ಹೇಳಿದಿ?” ಎಂದೆ.

“ಅದರಾಗ ನಾಕ ಕಾರಣ ಅದಾವ್ರಿ. ಮಾತಿಗೆ ಹಿಡದಾರ ಅನ್ನೂದು ಇಲ್ಲ. ದಾರಿಗೆ ಎಮ್ಮಿ ಅಡ್ಡ ಬಂದೈತಿ ಅಂತ ಒತ್ತೇನಿ.”

ಅವಳ ಕೆಲಸ ಕಳೆಯಲು ನಾನೊಬ್ಬಳೇ ಸಾಕು ಅನ್ನಿಸಿತು. ಚಿಕ್ಕಪ್ಪನ ಮದುವೆಯನ್ನು ಅಲ್ಲಿಗೇ ಬಿಟ್ಟು, ಎದ್ದು ಬಾಗಿಲಿನಿಂದ ಸರಿದು ನಿಂತೆ.