ಪಾದ್ರಿಗಳ ತಲೆಯ ಮೇಲೆ ಪೊಲೀಸ್ ಕೈ

ತೊಂದರೆಯೆಲ್ಲ ಶುರುವಾದದ್ದು ಕಾರಿನ ಬ್ಯಾಟರಿಯಿಂದ. 1997ರ ಒಂದು ಶನಿವಾರ, ವಿಲಾಯತಿಯ ಇಲ್ಫರ್ಡ್‌ನ ಕನ್ನಡ ಪಾದ್ರಿ ಜತ್ತನ್ನನವರ ಹಳೇ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪಾದ್ರಿಗಳು ಅಲ್ಲಿಯ ಪೊಲೀಸ್ ಠಾಣೆಗೆ ಚಾಪ್ಲೇನ್ ಕೂಡ; ಅಂದರೆ ಪೊಲೀಸರ ಕಷ್ಟಸುಖ ಕೇಳಿ ಸಮಾಧಾನ ಹೇಳುವ, ಸಂಬಳವಿಲ್ಲದ ಕೆಲಸ. ಅಂದು ಪೇದೆಯೊಬ್ಬನ ತಂದೆ ತೀರಿಕೊಂಡಿದ್ದರಿಂದ ಠಾಣೆಯವರೇ ಕಾರು ಕಳಿಸಿದರು.

ಪಾದ್ರಿಗಳ ಚಿಂತೆ ಬೇರೆಯೇ ಇತ್ತು. ಸಂಜೆ ಐದಕ್ಕೆ ಚರ್ಚಿನ ಹಾಲ್‌ನಲ್ಲಿ ಕನ್ನಡ ಪ್ರಾರ್ಥನೆ. ಬರುತ್ತಿದ್ದವರು ಏಳೇ ಜನ. ಇವತ್ತು ಹದಿನೈದು ಜನ ಸೇರದಿದ್ದರೆ ಹಾಲ್ ಬೇರೆಯವರಿಗೆ ಎಂದು ಉಸ್ತುವಾರಿ ಮಿಸೆಸ್ ಪ್ರಿಚರ್ಡ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಕರೆದೊಯ್ಯಲು ಬಂದ ಪೇದೆ, ದಿನಾ ಕಳ್ಳರನ್ನು ಹತ್ತಿಸುವ ಅಭ್ಯಾಸಬಲದಿಂದ, ಪಾದ್ರಿಗಳ ತಲೆ ಅದುಮಿ ಹಿಂದಿನ ಸೀಟಿಗೆ ತೂರಿಸಿ ಬಾಗಿಲು ಹಾಕಿದ. ಎದುರುಮನೆಯಲ್ಲಿ ಕುಂದಾಪುರದ ಸುಜಾತಾ ಪರದೆ ಸರಿಸಿ ನೋಡುತ್ತಿದ್ದರು. 'ಸಂಜೆ ನೀವಾದರೂ ಬನ್ನಿ' ಎನ್ನಲು ಪಾದ್ರಿಗಳು ಕಿಟಕಿ ಇಳಿಸಹೋದರು. ಪೊಲೀಸ್ ಕಾರಿನ ಹಿಂದಿನ ಕಿಟಕಿ ಒಳಗಿನಿಂದ ಇಳಿಯುತ್ತದೆಯೇ? ಗಾಜಿನಾಚೆಯಿಂದಲೇ ದೀನರಾಗಿ ಕೈಮುಗಿದರು.

ಸುಜಾತಾ ಫೋನಿಗೆ ಹಾರಿದರು. "ಪಾದ್ರಿಗಳನ್ನ ಪೊಲೀಸ್ರು ಹಿಡ್ಕಂಡ್ ಹೋದ್ರ್ ಮಾರಾಯ್ರೆ! ಕೈ ಮುಗ್ದ್ ಅಳ್ತಿದ್ರ್!"

ಆಗ ವಾಟ್ಸಾಪ್ ಎಲ್ಲಿತ್ತು? ಒಂದು ಲ್ಯಾಂಡ್‌ಲೈನ್, ಒಬ್ಬ ಸುಜಾತಾ ಇದ್ದರೆ ಹತ್ತಾರು ಮೈಲಿ ಆಚೆಯ ಟೂಟಿಂಗ್‌ವರೆಗೂ ಸುದ್ದಿ ಮುಟ್ಟುತ್ತಿತ್ತು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಿದ್ದರು. ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿಬರುತ್ತದೆ.

ಸಂಜೆ ಪಾದ್ರಿಗಳು ಬಸ್ಸಿಳಿದು ಏದುಸಿರು ಬಿಡುತ್ತ ಹಾಲ್‌ಗೆ ಬಂದರೆ ಒಳಗೆ ಕಾಲಿಡಲು ಜಾಗವಿಲ್ಲ. ಧಾರವಾಡದ ಡಾಕ್ಟರ್ ಶಿವಪ್ರಕಾಶ ಬಿಡುಗಡೆಯ ಅರ್ಜಿ ಹಿಡಿದು ಓಡಾಡುತ್ತಿದ್ದರು. "ನಮ್ಮ ಅಯ್ಯನವ್ರು ಇರುವಿ ಸೈತ ತುಳಿಯಂಗಿಲ್ರೀ! ಸಹಿ ಮಾಡ್ರಿ!" ಸುಜಾತಾರ ಗಂಡ ಐತಪ್ಪ ಜೈಲಿಗೆಂದು ತಮ್ಮ ಹೋಟೆಲಿನಿಂದ ಒಂದು ಪಾತ್ರೆ ಇಡ್ಲಿ ತಂದಿದ್ದರು.

"ನನ್ನನ್ನು ಯಾರೂ ಹಿಡೀಲಿಲ್ಲ ಮಾರಾಯ್ರೆ! ನಾನು ಸಮಾಧಾನ ಹೇಳ್ಲಿಕ್ಕೆ ಹೋದದ್ದು!" ಎಂದರು ಪಾದ್ರಿಗಳು.

ಐತಪ್ಪನವರ ಮುಖ ಸಣ್ಣದಾಯಿತು. "ಹಾಗಾದ್ರೆ ಈ ಇಡ್ಲಿ ಎಂತ ಮಾಡುದು?"

"ಪ್ರಾರ್ಥನೆ ಮುಗಿಸಿ ಎಲ್ಲರೂ ತಿನ್ನುವ. ಕೂತ್ಕೊಳ್ಳಿ!"

ಒಬ್ಬರೂ ಹೊರಡಲಿಲ್ಲ. ಬೈಬಲ್ ಮುಟ್ಟಿಯೂ ಗೊತ್ತಿಲ್ಲದವರು ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ಕೂತರು. ಪಾದ್ರಿಗಳ ಕಣ್ಣು ಒದ್ದೆಯಾಯಿತು. ಬಾಗಿಲಲ್ಲಿ ಮಿಸೆಸ್ ಪ್ರಿಚರ್ಡ್ ಬೆರಳು ತೋರಿಸಿ ತಲೆ ಎಣಿಸುತ್ತಿದ್ದರು.

"ಐವತ್ತೆರಡು," ಎಂದರು.

"ನೋಡಿದಿರಾ!" ಪಾದ್ರಿಗಳು ಹಿಗ್ಗಿಹೋದರು.

"ನೋಡಿದೆ. ಬೆಂಕಿ ಸುರಕ್ಷತೆಯ ನಿಯಮದಂತೆ ಈ ಹಾಲ್‌ನಲ್ಲಿ ಮೂವತ್ತಕ್ಕಿಂತ ಹೆಚ್ಚು ಜನ ಇರಕೂಡದು. ನಿಯಮ ಮುರಿದವರಿಗೆ ಮತ್ತೆ ಹಾಲ್ ಇಲ್ಲ. ಮುಂದಿನ ವಾರದಿಂದ ಯೋಗದ ತರಗತಿಗೆ ಕೊಡುತ್ತಿದ್ದೇವೆ. ಅವರು ಸರಿಯಾಗಿ ಹದಿನಾರು ಜನ."